ಶುಕ್ರನ ನಕಾಶೆ ಮತ್ತು ನನ್ನ ಎದೆಬಡಿತ

ನನಗೆ ಹೆದರಿಕೆ ಹುಟ್ಟಿನಿಂದ ಬಂದದ್ದು. ಬಸ್ಸು ಹತ್ತಿದರೆ ತಪ್ಪು ಬಸ್ಸೇನೋ ಎಂಬ ಹೆದರಿಕೆ. ಸರಿಯಾದ ಬಸ್ಸೇ ಎಂದು ಗೊತ್ತಾದ ಮೇಲೆ, ಇಳಿಯುವ ನಿಲ್ದಾಣ ದಾಟಿಹೋಯಿತೇನೋ ಎಂಬ ಹೆದರಿಕೆ. ಫಜೀತಿಗಳು ಇಂಥವರ ವಿಳಾಸವನ್ನೇ ಕೇಳಿಕೊಂಡು ಬರುತ್ತವೆ. ಧೈರ್ಯಸ್ಥರ ಮನೆಯ ಬಾಗಿಲನ್ನು ಅವು ತಟ್ಟಿದ್ದು ನಾನಂತೂ ನೋಡಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ನಾಗಪುರದಲ್ಲಿ ಭೂಮಿ, ಮಣ್ಣುಗಳ ನಕಾಶೆ ಮಾಡುವ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದೆ. ಊರು ಧಾರವಾಡದ ಕಡೆ. ನನ್ನ ಹೆಂಡತಿ ನಾಗಪುರದಲ್ಲೇ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಜೂನ್ ತಿಂಗಳಿಗೆ ಅವಳ ನೌಕರಿ ಕಾಯಂ ಆಗುವುದಿತ್ತು. ನಮ್ಮ ಕಚೇರಿಯ ದೊಡ್ಡ ಸಾಹೇಬರಿಗೋ, ಯಾರು ಏನು ತಪ್ಪು ಮಾಡಿದರೂ ‘ಟ್ರಾನ್ಸ್‌ಫರ್’ ಅನ್ನುವ ಒಂದೇ ಶಬ್ದ ಬಾಯಿಗೆ ಬರುತ್ತಿತ್ತು. ಹಾಗಾಗಿ ಜೂನ್ ತನಕ ಸಾಹೇಬರ ಕಣ್ಣಿಗೆ ಬೀಳದೆ ಇರಬೇಕು ಎನ್ನುವುದೊಂದೇ ನಮ್ಮಿಬ್ಬರ ಹರಕೆ.

ಏಪ್ರಿಲ್‌ನಲ್ಲಿ ದಿಲ್ಲಿಯಿಂದ ಶುಕ್ರಗ್ರಹದ ನಕಾಶೆ ಬಂತು. ನಾನು ಕಣ್ಣಿಗೆ ಬಿದ್ದೆ.

‘ಹೂಂ’

ಆ ನಕಾಶೆ ಒಂದು ಉದ್ದನೆಯ ತಗಡಿನ ಕೊಳವೆಯಲ್ಲಿ ಸುರುಳಿ ಸುತ್ತಿಕೊಂಡು ಬಂದಿತ್ತು. ಬಿಡಿಸಿದರೆ ಗೋಡೆಯ ತುಂಬ ಕೇಸರಿ ಬಣ್ಣ. ಅಮೆರಿಕದವರ ನೌಕೆಯೊಂದು ಶುಕ್ರನ ಸುತ್ತ ತಿರುಗುತ್ತಾ ರಾಡಾರ್‌ನಿಂದ ತೆಗೆದ ಚಿತ್ರಗಳನ್ನೆಲ್ಲ ಜೋಡಿಸಿ ಮಾಡಿದ್ದು. ಊರಲ್ಲೆಲ್ಲ ಒಯ್ದು ಜನರಿಗೆ ತೋರಿಸಿ, ತಿಳಿಸಿ ಹೇಳಬೇಕೆಂದು ದಿಲ್ಲಿಯ ಅಪ್ಪಣೆ.

ಸಾಹೇಬರು ನನ್ನನ್ನು ಕರೆದು, “ಇದನ್ನ ನೀನು ಸಂಭಾಳಿಸು” ಅಂದರು.

“ಸರ್, ನಾನು ಮಣ್ಣಿನವನು…”

“ಅಲ್ಲೇನು ಮಣ್ಣಿಲ್ಲವಾ?”

ಇಲ್ಲ ಅನ್ನುವ ಧೈರ್ಯವಿರಲಿಲ್ಲ. ಇದೆ ಅನ್ನುವಷ್ಟು ಓದಿರಲಿಲ್ಲ. ಕೊಳವೆ ಹೆಗಲಿಗೇರಿಸಿಕೊಂಡು ಮನೆಗೆ ಬಂದೆ.

ಜನರ ಎದುರು ನಿಂತು ಮಾತಾಡುವುದೆಂದರೆ ನನಗೆ ಬಸ್ಸಿಗಿಂತ ದೊಡ್ಡ ಹೆದರಿಕೆ. ಅದಕ್ಕೆ ಮೊದಲು ಹೆಂಡತಿಯ ಎದುರು ಅಭ್ಯಾಸ ಮಾಡೋಣ ಅಂದುಕೊಂಡೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಶುರು ಮಾಡಿದೆ.

“ಶುಕ್ರನ ಮ್ಯಾಲೆ ಯಾವಾಗಲೂ ದಟ್ಟ ಮೋಡ. ಎಂಥಾ ಕ್ಯಾಮೆರಾಕ್ಕೂ ನೆಲ ಕಾಣಂಗಿಲ್ಲ. ಅದಕ್ಕ ರಾಡಾರ್. ಮೋಡದೊಳಗ ಅಲೆ ಕಳಸೋದು, ಅದು ನೆಲಕ್ಕ ಬಡದು ತಿರುಗಿ ಬರೋದನ್ನ ಕೇಳೋದು. ಬಂದ ರೀತಿ ಮ್ಯಾಲೆ ಅಲ್ಲಿ ಗುಡ್ಡ ಐತೋ, ಬಯಲು ಐತೋ, ಒರಟು ಐತೋ, ನುಣುಪು ಐತೋ ಎಲ್ಲಾ ತಿಳೀತೈತಿ. ಗೊತ್ತಾತೇನು?”

ಅವಳು ತವೆಯ ಮೇಲಿನ ರೊಟ್ಟಿ ತಿರುವಿದಳು. “ಇದರಾಗ ಗೊತ್ತಾಗಲಾರದ್ದು ಏನೈತ್ರಿ? ನಾ ದಿನಾ ಒಳಗಿಂದ ನಿಮ್ಮನ್ನ ಕರೀತೀನಿ. ನೀವು ‘ಹೂಂ’ ಅಂತೀರಿ. ಆ ‘ಹೂಂ’ ಮ್ಯಾಲೆ ನೀವು ಪೇಪರ್ ಓದಾಕತ್ತೀರೋ, ಮಲಗೀರೋ, ಇಲ್ಲಾ ಹೇಳಿದ ಕೆಲಸ ಮರತು ಅಂಜಿ ಕೂತೀರೋ, ಎಲ್ಲಾ ತಿಳೀತೈತಿ. ಇದಕ್ಕ ಆಕಾಶಕ್ಕ ಯಾಕ ಹೋಗಬೇಕಿತ್ತು ಅವರು?”

ನಾನು “ಹೂಂ” ಅಂದೆ.

“ನೋಡ್ರಿ, ಈಗ ಹೊಟ್ಟಿ ಹಸದೈತಿ” ಅಂದಳು.

ಮೊದಲ ಮಾತು

ಮೊದಲ ಉಪನ್ಯಾಸ ಒಂದು ಶಾಲೆಯ ಸಭಾಂಗಣದಲ್ಲಿ. ಹೊರಗೆ ನಾಗಪುರದ ಬಿಸಿಲು. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒಳಗೆ ನಾಲ್ಕೂ ಮೂಲೆಗೆ ದೊಡ್ಡ ಕೂಲರ್ ಇಟ್ಟಿದ್ದರು, ಅದಕ್ಕೇ ಸಭಾಂಗಣ ತುಂಬಿತ್ತು. ಶುಕ್ರನ ಮೇಲಿನ ಪ್ರೀತಿಗೆ ಬಂದವರು ಎಷ್ಟು, ಕೂಲರ್ ಗಾಳಿಗೆ ಬಂದವರು ಎಷ್ಟು ಎಂದು ನಾನು ಕೇಳಲು ಹೋಗಲಿಲ್ಲ.

ಹಿಂದಿಯಲ್ಲಿ ಮಾತಾಡಬೇಕಿತ್ತು. ನನ್ನ ಹಿಂದಿ ಧಾರವಾಡದ ಹಿಂದಿ. ಅದರಲ್ಲಿ ಕುರ್ಚಿ ಗಂಡಸು, ಕೂಲರ್ ಹೆಂಗಸು. ಬೆಳಗಿನಿಂದ ಮೂರು ತಂಬಿಗೆ ನೀರು ಕುಡಿದರೂ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಎದ್ದು ನಿಂತೆ. ನಕಾಶೆಯತ್ತ ಕೈ ತೋರಿಸಿ, ಎದುರಿನ ಅಷ್ಟೂ ಮುಖಗಳನ್ನು ನೋಡಿ ಬೆದರಿ, ಒಂದೇ ಉಸಿರಿಗೆ “ಶುಕ್ರ ಹೈ!” ಅಂದೆ.

‘ಇದು ಶುಕ್ರ’ ಎನ್ನುವುದು ನನ್ನ ಅಭಿಪ್ರಾಯ. ಆದರೆ ಹಿಂದಿಯವರ ಬಾಯಲ್ಲಿ ‘ಶುಕ್ರ್ ಹೈ’ ಅಂದರೆ ‘ಸದ್ಯ, ದೇವರು ದೊಡ್ಡವನು, ಬದುಕಿದೆವು’ ಎಂದರ್ಥ. ಇದು ನನಗೆ ಗೊತ್ತಿರಲಿಲ್ಲ.

ಮುಂದಿನ ಸಾಲಿನ ಅಜ್ಜರೊಬ್ಬರು ಕನಿಕರದಿಂದ ಕೇಳಿದರು: “ಯಾಕಪ್ಪಾ, ಬರುವಾಗ ದಾರಿಯಲ್ಲಿ ಏನಾದರೂ ಆಯಿತೇ?”

ನಾನು ತಲೆಯಲ್ಲಾಡಿಸಿ, ಮತ್ತೂ ಸ್ಪಷ್ಟವಾಗಲೆಂದು ನಕಾಶೆಯನ್ನು ಬಡಿದು “ಶುಕ್ರ ಹೈ, ಶುಕ್ರ ಹೈ” ಅಂದೆ. ಸಭೆ ನಕ್ಕಿತು. ಯಾಕೆ ನಗುತ್ತಾರೆಂದು ತಿಳಿಯದೆ ಪ್ಯಾಂಟಿನ ಗುಂಡಿ ನೋಡಿಕೊಂಡೆ. ಅದು ಸರಿಯಾಗಿತ್ತು. ಇದರಿಂದ ಹೆದರಿಕೆ ಇನ್ನೂ ಹೆಚ್ಚಾಯಿತು. ಮುಂದೆ ಮೋಡ, ರಾಡಾರ್, ಜ್ವಾಲಾಮುಖಿ ಎಲ್ಲವನ್ನೂ ಹೇಗೋ ಹೇಳಿ ಮುಗಿಸಿ, ಬೆವರು ಒರೆಸಿಕೊಳ್ಳುತ್ತಾ ಕೂತೆ.

ಆಗ ಆ ಅಜ್ಜರು ಎದ್ದು ನಿಂತು ಮೈಮುರಿದು, ಸಭೆಗೆಲ್ಲ ಕೇಳುವ ಹಾಗೆ ಅಂದರು: “ಈಗ ಶುಕ್ರ್ ಹೈ!”

ಗೇಟಿನಲ್ಲಿ ಬಿಟ್ಟು ಹೋಗಬೇಕಾದ ವಸ್ತು

ನಾಗಪುರದ ಹತ್ತಿರದ ಕಾಮಠಿಯ ದಂಡಿನ ಪ್ರದೇಶದಲ್ಲಿ ಸೈನಿಕರ ಮನೆಯವರಿಗಾಗಿ ಮಾತಾಡಲು ಕರೆದರು. ಕರೆದ ಅಧಿಕಾರಿ ಗೇಟಿನಲ್ಲಿ ಹೇಳಿಡುತ್ತೇನೆ ಅಂದಿದ್ದರು, ಹೇಳುವುದನ್ನು ಮರೆತಿದ್ದರು.

ನಾನು ಸ್ಕೂಟರಿಗೆ ಆ ತಗಡಿನ ಕೊಳವೆ ಕಟ್ಟಿಕೊಂಡು ಹೋಗಿದ್ದೆ. ದೂರದಿಂದ ನೋಡಿದವರಿಗೆ ಅದು ನಕಾಶೆಯ ಡಬ್ಬಿಯಾಗಿ ಕಾಣಲು ಸಾಧ್ಯವೇ ಇರಲಿಲ್ಲ. ಕಾವಲಿನ ಜವಾನ ಬಂದೂಕು ಎತ್ತಿ “ರುಕೋ!” ಅಂದ. ನಾನು ಎಷ್ಟು ಚೆನ್ನಾಗಿ ನಿಂತೆನೆಂದರೆ ಸ್ಕೂಟರ್ ಮಾತ್ರ ಸ್ವಲ್ಪ ಮುಂದಕ್ಕೆ ಹೋಗಿ ಬಿತ್ತು.

ಒಳಗಿಂದ ದಪ್ಪ ಮೀಸೆಯ ಸುಬೇದಾರರು ಬಂದರು.

“ಏನಿದು?”

“ನಕಾಶೆ, ಸಾಬ್.”

“ಯಾವ ಜಾಗದ್ದು?”

“ಶುಕ್ರನದು.”

“ಯಾರು ಮಾಡಿದ್ದು?”

“ಅಮೆರಿಕದವರು.”

“ಹೇಗೆ ಮಾಡಿದರು?”

ಸುಳ್ಳು ಹೇಳಬಾರದು ಅಂದುಕೊಂಡು, “ಮೇಲಿಂದ, ರಾಡಾರ್ ಹಾಕಿ” ಅಂದೆ. ಆ ಗೇಟಿನಲ್ಲಿ ಅದು ಹೇಳುವ ಮಾತಲ್ಲವೆಂದು ಬಾಯಿಂದ ಬಿದ್ದ ಮೇಲೆ ತಿಳಿಯಿತು. ಸುಬೇದಾರರು ಜವಾನನ ಮುಖ ನೋಡಿದರು. ಜವಾನ ನನ್ನ ಮುಖ ನೋಡಿದ. ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಕೂತಲ್ಲೇ ನನಗೆ ಕೋರ್ಟು, ಜೈಲು, ಹೆಂಡತಿ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಜೈಲಿನ ಬಾಗಿಲಲ್ಲಿ ನಿಂತದ್ದು, ಎಲ್ಲ ಒಂದರ ಹಿಂದೊಂದು ಕಾಣತೊಡಗಿತು.

ಸುಬೇದಾರರು ನಕಾಶೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಟ್ಟು, ಸುತ್ತಲೂ ನಡೆದು ನೋಡಿದರು. ಆಮೇಲೆ ಫೋನು ಹಚ್ಚಿದರು. ಅತ್ತಲಿಂದ ಅಧಿಕಾರಿ ನಗುವುದು ನನಗೂ ಕೇಳಿಸಿತು. ಸುಬೇದಾರರು ಮಾತ್ರ ನಗಲಿಲ್ಲ. ಅವರೇ ನಕಾಶೆ ಸುತ್ತಿ ಕೊಟ್ಟು, ಗಂಭೀರವಾಗಿ ಅಂದರು: “ನಕಾಶೆ ಒಳಗೆ ಒಯ್ಯಬಹುದು. ಆದರೆ ರಾಡಾರ್ ಇಲ್ಲೇ ಗೇಟಿನಲ್ಲಿ ಬಿಟ್ಟು ಹೋಗಬೇಕು.”

“ಸಾಬ್, ಅದು ನನ್ನ ಹತ್ತಿರ ಇಲ್ಲ. ಅದು ಶುಕ್ರನ ಸುತ್ತ ತಿರುಗ್ತಾ ಇದೆ.”

ಅವರು ಗೇಟಿನ ರಿಜಿಸ್ಟರಿನಲ್ಲಿ ಅದನ್ನು ಬರೆದುಕೊಂಡರು.

“ಠೀಕ್ ಹೈ. ವಾಪಸ್ ಬಂದ ಕೂಡಲೇ ತಂದು ಜಮಾ ಮಾಡಿ.”

ಚೈತ್ರಗೌರಿಯ ಮನೆಯಲ್ಲಿ

ನಾಗಪುರದಲ್ಲಿದ್ದ ನಮ್ಮ ಕಡೆಯ ಹೆಣ್ಣುಮಕ್ಕಳ ಮಂಡಳಿಯಲ್ಲಿ ಚೈತ್ರಗೌರಿಯ ಅರಿಷಿಣ-ಕುಂಕುಮ. ನನ್ನ ಹೆಂಡತಿ ಅಲ್ಲಿ ಜಂಬದಿಂದ, ನಮ್ಮವರು ಶುಕ್ರನ ನಕಾಶೆ ತೋರಸ್ತಾರ ಅಂದುಬಿಟ್ಟಿದ್ದಳು. ಮಂಡಳಿಯ ಹಿರಿಯ ಹೆಂಗಸಿಗೆ ಎಲ್ಲರೂ, ಚಿಕ್ಕಮ್ಮನನ್ನು ಕರೆಯುವ ಹಾಗೆ, ದೊಡ್ಡ ಕಾಕು ಅನ್ನುತ್ತಿದ್ದರು. ಅವರು ಬಾ ಅಂದರೆ ಬರಬೇಕು, ಕೂಡು ಅಂದರೆ ಕೂಡಬೇಕು.

ಗೌರಿಯನ್ನು ಕೂರಿಸಿದ ಗೋಡೆಯ ಎದುರಿನ ಗೋಡೆಗೆ ನಕಾಶೆ ಇಳಿಬಿಟ್ಟೆ. ಕೈಯಲ್ಲಿ ಕೋಸಂಬರಿ, ಪಾನಕ ಹಿಡಿದ ಅಷ್ಟು ಜನ ಹೆಂಗಸರು. ಗಂಡಸು ನಾನೊಬ್ಬನೇ. ಪಾನಕ ಚೆಲ್ಲಿ ನಕಾಶೆಗೆ ಕಲೆಯಾದರೆ ಏನು ಗತಿ ಅಂತ ನನ್ನ ಕಣ್ಣೆಲ್ಲ ಲೋಟಗಳ ಮೇಲೆ. ಆದರೂ ಅವರಿಗೆ ಖುಷಿಯಾಗುವ ಮಾತು ಒಂದಿತ್ತು. ಅದನ್ನೇ ಮೊದಲು ಹೇಳಿದೆ.

“ಶುಕ್ರನ ಮ್ಯಾಲಿನ ಬೆಟ್ಟ, ಕಣಿವಿ, ಕುಣಿ, ಬಯಲು, ಹೆಚ್ಚುಕಡಿಮಿ ಎಲ್ಲಾಕ್ಕೂ ಹೆಣ್ಣುಮಕ್ಕಳ ಹೆಸರು ಇಟ್ಟಾರ. ಗಂಡಸಿನ ಹೆಸರು ಇರೋದು ಒಂದಕ್ಕಽ.”

ಬಳೆಗಳೆಲ್ಲ ಒಮ್ಮೆಗೇ ಸದ್ದು ಮಾಡುವ ಹಾಗೆ ಚಪ್ಪಾಳೆ ಬಿತ್ತು. ನನ್ನ ಎದೆ ಸ್ವಲ್ಪ ಹಗುರಾಯಿತು. ಆಗ ದೊಡ್ಡ ಕಾಕು ಕೇಳಿದರು: “ಆ ಒಂದು ಯಾವುದೋ?”

“ಒಂದು ಬೆಟ್ಟ, ಕಾಕು.”

“ಎಂಥಾ ಬೆಟ್ಟ?”

ನಾನು ತಡವರಿಸಿದೆ. “ಅದು… ಎಲ್ಲಾಕ್ಕಿಂತ ಎತ್ತರದ್ದು.”

ಕಾಕು ಲೋಟ ಕೆಳಗಿಟ್ಟರು. “ಅಂದ್ರ ಅಲ್ಲೀನೂ ಕುಣಿ ನಮಗ, ಎತ್ತರ ಅವರಿಗೆ! ಅಷ್ಟು ದೂರ ಹೋಗಿ ಮಾಡಿದ್ದು ಇದಽ ಏನು?”

ನಾನೇ ಹೋಗಿ ಆ ಹೆಸರಿಟ್ಟು ಬಂದ ಹಾಗೆ ಎಲ್ಲರೂ ನನ್ನನ್ನು ನೋಡಿದರು. ಗಾಬರಿಯಲ್ಲಿ ಮಾತು ತಿರುಗಿಸಲು, “ಆದ್ರ ಆ ಬೆಟ್ಟದ ಬಾಜೂಕಽ ನೋಡ್ರಿ, ಈ ದೊಡ್ಡ ಎತ್ತರದ ಬಯಲು. ಇದಕ್ಕ ನಮ್ಮ ಲಕ್ಷ್ಮಿ ಹೆಸರು ಇಟ್ಟಾರ” ಅಂದೆ. ಇದು ಖರೇ ಮಾತು.

“ಲಕ್ಷ್ಮಿ? ಎಲ್ಲಿ?”

ಬೆರಳಿಟ್ಟು ತೋರಿಸಿದೆ. ಆ ಬೆರಳು ತೆಗೆಯುವುದರೊಳಗೆ ಕಾಕು ಬಟ್ಟಲು ಹಿಡಿದು ಎದ್ದು ಬಂದು, ಶುಕ್ರನ ಲಕ್ಷ್ಮಿಗೆ ಅರಿಷಿಣ ಹಚ್ಚಿ, ಕುಂಕುಮ ಇಟ್ಟುಬಿಟ್ಟರು.

“ಕಾಕು! ಇದು ಸರ್ಕಾರದ್ದು! ಸಾಹೇಬ್ರು ನನ್ನ ಟ್ರಾನ್ಸ್‌ಫರ್…”

ಕಾಕು ಕೈ ಮುಗಿದು, ನನ್ನತ್ತ ತಿರುಗಿಯೂ ನೋಡದೆ ಅಂದರು: “ಸರ್ಕಾರದಾಕಿ ಆದ್ರೇನಾತು, ಮುತ್ತೈದಿ ಹೌದಲ್ಲೋ?”

ಇಪ್ಪತ್ತು ವರ್ಷ

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಮೈಸೂರಿನವರೊಬ್ಬರಿದ್ದರು, ಬ್ಯಾಂಕಿನಲ್ಲಿ ಕೆಲಸ. ಮೆಟ್ಟಿಲಿಳಿದು ಬರುವಾಗಲೇ ನಗುನಗುತ್ತಾ ಬಂದರು. “ಸಾರ್, ನಿಮ್ಮ ಕೈಗೆ ಶುಕ್ರ ಬಂದಿದ್ದಾನಂತೆ! ನನಗೂ ಮುಂದಿನ ತಿಂಗಳು ಶುಕ್ರದೆಸೆ ಶುರು. ಇಪ್ಪತ್ತು ವರ್ಷ ಸಾರ್! ಜೋಯಿಸರು ಹೇಳಿದ್ದಾರೆ. ಒಂದ್ಸಲ ಮುಖ ನೋಡಿ ಕೈ ಮುಗಿದು ಹೋಗ್ತೀನಿ.”

ನಾನು ನಕಾಶೆ ಬಿಡಿಸಿದೆ. ಅಷ್ಟರಲ್ಲಿ ನನಗೆ ಈ ಮಾತುಗಳು ಬಾಯಿಪಾಠ ಆಗಿಹೋಗಿದ್ದವು. ಸೀಸ ಇಟ್ಟರೆ ಕರಗಿ ನೀರಾಗುವಷ್ಟು ಬಿಸಿ. ಮೋಡದಲ್ಲಿ ನೀರಿಲ್ಲ, ಗಂಧಕಾಮ್ಲ. ಗಾಳಿಯ ಒತ್ತಡಕ್ಕೆ ಮನುಷ್ಯ ನಿಂತಲ್ಲೇ ಜಜ್ಜಿಹೋಗುತ್ತಾನೆ. ಹಗಲು-ರಾತ್ರಿ ಭೇದವಿಲ್ಲದೆ ಒಂದೇ ಉರಿ. ಹೇಳುತ್ತಾ ಹೋದ ಹಾಗೆ ಅವರ ನಗು ಇಳಿಯಿತು. ಹೆದರಿಕೆ ಎಂದರೇನೆಂದು ಬಲ್ಲವನಾದ್ದರಿಂದ ನಾನೇ ನೀರು ತಂದುಕೊಟ್ಟೆ.

“ಇಂಥವನ ಕೈಗೆ ಇಪ್ಪತ್ತು ವರ್ಷವಾ ಸಾರ್?”

“ಹಂಗಲ್ರಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ…”

ಅವರು ಕೇಳಿಸಿಕೊಳ್ಳಲಿಲ್ಲ. ಕಿಟಕಿಯಾಚೆಯ ಬಿಳಿ ಬಿಸಿಲನ್ನೇ ನೋಡುತ್ತಾ ಕೂತಿದ್ದು, ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಸಾರ್, ಶನಿ ಸ್ವಲ್ಪ ತಣ್ಣಗಿರ್ತಾನೆ ಅಲ್ವಾ?”

ಕರೀ ಪಟ್ಟಿ

ಮೇ ತಿಂಗಳ ಕೊನೆಗೆ ದಿಲ್ಲಿಯಿಂದ ದೊಡ್ಡ ಅಧಿಕಾರಿಯೊಬ್ಬರು ನಮ್ಮ ಕಚೇರಿ ನೋಡಲು ಬರುತ್ತಾರೆಂದು ಗೊತ್ತಾಯಿತು. ಅವರು ಬರುವ ಹಿಂದಿನ ದಿನ ನಮ್ಮ ಸಾಹೇಬರು ಶುಕ್ರನ ನಕಾಶೆಯನ್ನು ಮೊದಲ ಸಲ ಹತ್ತಿರದಿಂದ ನೋಡಿದರು. ಕಾಕು ಹಚ್ಚಿದ ಅರಿಷಿಣ-ಕುಂಕುಮ ಕೇಸರಿ ಬಣ್ಣದಲ್ಲಿ ಬೆರೆತು ಅವರಿಗೆ ಕಾಣಲಿಲ್ಲ. ಆದರೆ ಮೇಲಿನಿಂದ ಕೆಳಗೆ ಒಂದೆರಡು ಕಡೆ ಕಪ್ಪು ಪಟ್ಟಿಗಳಿದ್ದವು.

“ಇದೇನು?”

“ಸರ್, ನೌಕೆ ಒಂದೊಂದು ಸುತ್ತಿಗೆ ಒಂದೊಂದು ಪಟ್ಟಿಯಷ್ಟೇ ನೋಡ್ತದೆ. ಆ ಪಟ್ಟಿಗಳನ್ನ ಜೋಡಿಸಿ ನಕಾಶೆ ಮಾಡ್ತಾರೆ. ಕೆಲವು ಸುತ್ತಿನ ಚಿತ್ರ ಭೂಮಿಗೆ ಬಂದು ಮುಟ್ಟಲಿಲ್ಲ. ಅಲ್ಲಿ ಖಾಲಿ ಬಿಟ್ಟಿದ್ದಾರೆ.”

“ಖಾಲಿ? ನನ್ನ ಕಚೇರಿಯ ಗೋಡೆಯ ಮೇಲೆ ಖಾಲಿ? ನಾಳೆ ಅವರು ಅಮೆರಿಕದವರನ್ನ ಕೇಳ್ತಾರಾ, ನನ್ನನ್ನ ಕೇಳ್ತಾರಾ?”

ಸಾಹೇಬರು ಡ್ರಾಫ್ಟ್ಸ್‌ಮನ್ ಕಾಕಾನನ್ನು ಕರೆದರು. ಕಚೇರಿಯವರೆಲ್ಲ ಕಾಕಾ, ಅಂದರೆ ಚಿಕ್ಕಪ್ಪ, ಅನ್ನುತ್ತಿದ್ದ ಇವರು ವಿದರ್ಭದ ಮಣ್ಣಿನ ನಕಾಶೆಗಳನ್ನು ಬರೆಯುತ್ತಲೇ ತಲೆ ನರೆತವರು; ನಿವೃತ್ತಿಗೆ ಹತ್ತಿರವಾಗಿದ್ದರು. “ಈ ಕರೀ ಜಾಗ ತುಂಬಿಸಿ. ಬಣ್ಣ ಬರೋಬರ್ ಕೂಡಬೇಕು” ಅಂದರು ಸಾಹೇಬರು.

ನನ್ನ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, “ಸರ್, ಅಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಇದು ತಪ್ಪಾಗ್ತದೆ” ಅಂದೆ.

“ಯಾರಿಗೂ ಗೊತ್ತಿಲ್ಲ ಅಂದಮೇಲೆ ತಪ್ಪು ಅಂತ ಹೇಳೋರು ಯಾರು? ನೀನು ವಿವರಿಸುವ ಕೆಲಸ ಮಾಡು. ಯೋಚನೆ ಮಾಡುವ ಕೆಲಸ ಬೇಕಾದರೆ ಬೇರೆ ಊರಲ್ಲಿ ಕೊಡಿಸ್ತೀನಿ.”

ಕಾಕಾ ಸುಮ್ಮನೆ ಬಣ್ಣ ಕಲಸತೊಡಗಿದರು. ನಾನು ಅಲ್ಲಿ ನಿಲ್ಲಲಾರದೆ ಮನೆಗೆ ಹೊರಟೆ. ನಾನು ಬಾಗಿಲು ದಾಟುವಾಗ ಕಾಕಾ ಒಂದೇ ಒಂದು ಪ್ರಶ್ನೆ ಕೇಳಿದರು, ಮರಾಠಿಯಲ್ಲಿ: “ಸಾಹೇಬ, ಅಲ್ಲಿ ಜನವಸತಿ ಇದೆಯೇ?”

“ಇಲ್ಲ ಕಾಕಾ, ನರಪಿಳ್ಳೆ ಇಲ್ಲ” ಅಂದೆ.

ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಕಪ್ಪು ಪಟ್ಟಿ ಮಾಯ. ಬಣ್ಣ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ, ಪಟ್ಟಿ ಎಲ್ಲಿತ್ತೆಂದು ಹುಡುಕಬೇಕಾಯಿತು. ಹತ್ತಿರ ಹೋದೆ. ಇನ್ನೂ ಹತ್ತಿರ ಹೋದೆ. ಆಮೇಲೆ ಗೋಡೆ ಹಿಡಿದುಕೊಂಡೆ. ಒಂದು ಹನಿ ನೀರಿಲ್ಲದ, ಸೀಸ ಕರಗುವ ಶುಕ್ರನ ನೆಲದ ಮೇಲೆ ಒಂದು ನದಿ ಹರಿಯುತ್ತಿತ್ತು. ಅದಕ್ಕೆ ಬಲಗಡೆಯಿಂದ ಇನ್ನೊಂದು ಹೊಳೆ ಬಂದು ಕೂಡಿತ್ತು. ಕೂಡಿದ ಕಡೆ ಮರಳ ದಂಡೆ. ಅದರ ಪಕ್ಕ ಒಂದೆರಡು ಸಣ್ಣ ಹಳ್ಳಗಳೂ ಇದ್ದವು.

ಅಳಿಸಲು ಸಮಯವಿರಲಿಲ್ಲ. ಹೊರಗೆ ಕಾರು ನಿಂತಿತ್ತು.

ದಿಲ್ಲಿಯ ಅಧಿಕಾರಿ ಎತ್ತರದ, ಮೃದು ಮಾತಿನ ಮನುಷ್ಯ. ನಾನು ಕೋಲು ಹಿಡಿದು ವಿವರಿಸತೊಡಗಿದೆ. ಕೋಲಿನ ತುದಿ ನಡುಗುತ್ತಾ ಒಂದೇ ಸಲಕ್ಕೆ ಮೂರು ಜ್ವಾಲಾಮುಖಿ ತೋರಿಸುತ್ತಿತ್ತು. ನಕಾಶೆಯ ಆ ಮೂಲೆಗೆ ಅವರು ಹೋಗದಿರಲಿ ಎಂದು ನಾನು ಈ ಮೂಲೆಯಲ್ಲೇ ನಿಂತು ಮಾತು ಎಳೆದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನಡೆಯುತ್ತಾ ಹೋಗಿ ನೆಟ್ಟಗೆ ನದಿಯ ಎದುರಿಗೇ ನಿಂತರು.

ಬಗ್ಗಿ ನದಿಯ ತಿರುವಿನಗುಂಟ ಕಣ್ಣು ಹಾಯಿಸಿದರು. ನಮ್ಮ ಸಾಹೇಬರು ಟೈ ಸಡಿಲಿಸಿಕೊಂಡರು. ನಾನು ಇನ್ನು ತಡೆಯಲಾರೆ ಅನ್ನಿಸಿ, “ಸರ್, ಈ ಭಾಗ ನಿಜವಾಗಿ ನೌಕೆಯಿಂದ…” ಅಂದೆ.

ಅವರು ಕೈ ಎತ್ತಿ ನನ್ನನ್ನು ತಡೆದರು. “ನಾನು ನೌಕರಿ ಸೇರಿದ ಹೊಸತರಲ್ಲಿ ಇಲ್ಲೇ ನಾಗಪುರದ ಹತ್ತಿರ ಖಾಪರಖೇಡಾ ಕಡೆ ಇದ್ದೆ. ಸಂಜೆ ಕೆಲಸ ಮುಗಿದ ಮೇಲೆ ಕನ್ಹಾನ್ ನದಿಯ ದಂಡೆಗೆ ಹೋಗಿ ಒಬ್ಬನೇ ಕೂರ್ತಿದ್ದೆ. ಇದೇ ತಿರುವು. ಹೀಗೇ ಮರಳು.” ಅವರು ಮತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. “ಎಷ್ಟು ದೂರದ ಗ್ರಹ! ಆದರೂ ಪ್ರಕೃತಿಯ ಕೈ ಒಂದೇ ನೋಡಿ. ಇಲ್ಲಿ ಬರೆದದ್ದನ್ನೇ ಅಲ್ಲೂ ಬರೆದಿದೆ.”

ನಮ್ಮ ಸಾಹೇಬರು ತಕ್ಷಣ, “ಹೌದು ಸರ್, ಒಂದೇ ಕೈ” ಅಂದರು.

ಅಧಿಕಾರಿ ಹೋಗುವಾಗ ನನ್ನ ಕೈ ಕುಲುಕಿ, “ಈ ಕಚೇರಿಗೆ ಬಂದದ್ದು ಸಾರ್ಥಕವಾಯಿತು” ಅಂದರು. ಸಾಹೇಬರು ಸಂತೋಷದಲ್ಲಿ ನನ್ನ ಬೆನ್ನು ತಟ್ಟಿ, “ನೀನು ಎಲ್ಲಿಗೂ ಹೋಗೋದು ಬೇಡ” ಅಂದರು. ಆ ಜೂನ್‌ನಲ್ಲಿ ಹೆಂಡತಿಯ ನೌಕರಿಯೂ ಕಾಯಂ ಆಯಿತು.

ಆದರೆ ಅದು ಆಮೇಲಿನ ಮಾತು. ಅಧಿಕಾರಿಯ ಕಾರು ಹೊರಟ ಕೂಡಲೇ ನಾನು ನೆಟ್ಟಗೆ ಹೋಗಿ ಡ್ರಾಫ್ಟ್ಸ್‌ಮನ್ ಕಾಕಾನ ಮೇಜಿನ ಎದುರು ಕೂತೆ. ಅವರು ಶಾಂತವಾಗಿ ಕುಂಚ ತೊಳೆಯುತ್ತಿದ್ದರು.

“ಕಾಕಾ, ಶುಕ್ರನ ಮೇಲೆ ಕನ್ಹಾನ್ ನದಿ ಯಾಕೆ ಬರೆದಿರಿ?”

“ನಮ್ಮ ಊರು ಅದೇ ದಂಡೆಯ ಮೇಲಿದೆ ಸಾಹೇಬ. ಏನಾದರೂ ತುಂಬಿಸಿ ಅಂದರಲ್ಲ, ಕೈ ತಾನೇ ಆ ಕಡೆ ಹೋಯಿತು.”

“ನನ್ನ ಜೀವ ಹೋಗಿತ್ತು ಕಾಕಾ! ದಿಲ್ಲಿ ಸಾಹೇಬರು ಅದನ್ನ ಗುರುತು ಹಿಡಿದರು!”

ಕಾಕಾ ಕುಂಚವನ್ನು ಒರೆಸಿ ಪಕ್ಕಕ್ಕಿಟ್ಟರು. ಮುಖದಲ್ಲಿ ಸ್ವಲ್ಪ ಬೇಸರವಿತ್ತು.

“ಗುರುತು ಹಿಡಿಯದೆ ಏನು? ನಾನು ಸೇತುವೆಯನ್ನೂ ಬರೆದಿದ್ದೆ. ಅಲ್ಲಿ ಜನ ಇಲ್ಲ ಅಂತ ನೀವು ಹೇಳಿದ್ದು ಆಮೇಲೆ ನೆನಪಾಯಿತು, ಸುಮ್ಮನೆ ಯಾಕೆ ಸುಳ್ಳು ಬರೆಯಬೇಕು ಅಂತ ಅಳಿಸಿಬಿಟ್ಟೆ.”